ಗೋಡೆಗೆ ಮೊಳೆ ಹೊಡೆಯುವ ಹಕ್ಕು

ಬಾಡಿಗೆ ಮನೆಯ ಕರಾರುಪತ್ರದಲ್ಲಿ ಒಂದು ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪತ್ರದಲ್ಲಿ ಇಲ್ಲದಿದ್ದರೆ ಬೀಗದ ಕೈ ಕೊಡುವಾಗ ಮಾಲೀಕರ ಬಾಯಿಂದಲಾದರೂ ಬರುತ್ತದೆ: ಗೋಡೆಗೆ ಮೊಳೆ ಹೊಡೆಯಕೂಡದು. ಮಾಲೀಕರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಕಟ್ಟಿಸಿದವರಿಗೆ ಗಾರೆ ಎಷ್ಟು ಗಟ್ಟಿ ಎಂಬುದು ಗೊತ್ತು, ಒಳಗೆ ಕರೆಂಟಿನ ತಂತಿ ಎಲ್ಲಿ ಹಾದುಹೋಗಿದೆ ಎಂಬುದೂ ಗೊತ್ತು. ಬಾಡಿಗೆಗೆ ಬಂದವರ ಕಡೆಯಿಂದ ನೋಡಿದರೆ, ಒಂದು ಕ್ಯಾಲೆಂಡರು, ಒಂದು ದೇವರ ಪಟ, ತೀರಿಕೊಂಡ ಅಜ್ಜನ ಒಂದು ಫೋಟೋ ನೇತುಹಾಕಲಾಗದ ಮನೆ ಎಂಥ ಮನೆ! ಈ ಎರಡು ನ್ಯಾಯಗಳ ನಡುವೆ ತೀರ್ಪು ಕೊಡುವುದು ಕಷ್ಟ. ಸಾಮಾನ್ಯವಾಗಿ ಮಾಲೀಕರೇ ಗೆಲ್ಲುತ್ತಾರೆ, ಏಕೆಂದರೆ ಮನೆ ಅವರದು.

ಈಗ ನಮ್ಮಲ್ಲಿ ಅನೇಕರು ಎಚ್ಚರವಾಗಿರುವ ಹೊತ್ತಿನ ಹೆಚ್ಚು ಪಾಲನ್ನು ಕಳೆಯುವುದು ಗಣಕದ ತೆರೆಯ ಮುಂದೆ. ಅದೂ ಒಂದು ಬಗೆಯ ಮನೆಯೇ. ಗಡಿಯಾರ ಯಾವ ಮೂಲೆಯಲ್ಲಿರಬೇಕು, ತೆರೆದ ಕೆಲಸಗಳ ಪಟ್ಟಿ ಕೆಳಗಿರಬೇಕೋ ಮೇಲಿರಬೇಕೋ, ಯಾವ ಗುಂಡಿ ಕಾಣಬೇಕು, ಯಾವುದು ಮರೆಯಾಗಿರಬೇಕು ಎಂಬುದನ್ನೆಲ್ಲ ಎಲ್ಲೋ ದೂರದಲ್ಲಿ ಕುಳಿತ ಯಾರೋ ನಿರ್ಧರಿಸಿರುತ್ತಾರೆ. ಆ ಗೋಡೆಗೆ ಮೊಳೆ ಹೊಡೆಯುವ ಹಕ್ಕು ಯಾರದು? ಲಿನಕ್ಸ್ ಬಳಸುವವರು ಈ ಪ್ರಶ್ನೆಯನ್ನು ಹಟ ಹಿಡಿದು, ಜಗಳವಾಡಿ, ಮನೆ ಬಿಟ್ಟು ಹೋಗಿ, ಮತ್ತೆ ಬಂದು, ಮೂವತ್ತು ವರ್ಷ ಚರ್ಚಿಸಿದ್ದಾರೆ. ಅದರ ಕೊನೆಗೆ ದೊರೆತ ರಾಜಿಯೇ ಇಂದು ‘ಎಕ್ಸ್‌ಟೆನ್ಷನ್’ ಎಂದು ಕರೆಸಿಕೊಳ್ಳುವ ಚಿಕ್ಕ ಚಿಕ್ಕ ಸೇರ್ಪಡೆಗಳು. ಅವು ಬಂದ ದಾರಿಯನ್ನು ಹೇಳುವುದು ಈ ಪ್ರಬಂಧದ ಉದ್ದೇಶ.

ಕಥೆ ಲಿನಕ್ಸ್‌ಗಿಂತಲೂ ಹಿಂದಕ್ಕೆ ಹೋಗುತ್ತದೆ. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಎಕ್ಸ್ ವಿಂಡೋ ಸಿಸ್ಟಂ ಎಂಬ ವ್ಯವಸ್ಥೆ ಹುಟ್ಟಿತು. ಅದರ ಹನ್ನೊಂದನೆಯ ರೂಪ 1987ರಲ್ಲಿ ಬಂದು ದಶಕಗಳ ಕಾಲ ನಿಂತಿತು. ಅದನ್ನು ಕಟ್ಟಿದವರು ಒಂದು ವಿಚಿತ್ರವಾದ ಸಂಯಮವನ್ನು ಪಾಲಿಸಿದರು. ತೆರೆಯ ಮೇಲೆ ಕಿಟಕಿಗಳನ್ನು ಬರೆಯುವ ಶಕ್ತಿಯನ್ನಷ್ಟೇ ನಾವು ಕೊಡುತ್ತೇವೆ. ಅವು ಹೇಗೆ ಕಾಣಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾವು ಹೇಳುವುದಿಲ್ಲ, ಎಂಬುದು ಅವರ ನಿಲುವು. ಅಂದರೆ ನಿವೇಶನ ಕೊಟ್ಟರು, ಮನೆಯನ್ನು ಅವರವರೇ ಕಟ್ಟಿಕೊಳ್ಳಬೇಕಾಯಿತು. ಕಿಟಕಿಗಳಿಗೆ ಚೌಕಟ್ಟು ಹಾಕಿ ಅವನ್ನು ಅತ್ತಿತ್ತ ಸರಿಸುವ ಕೆಲಸ ‘ವಿಂಡೋ ಮ್ಯಾನೇಜರ್’ ಎಂಬ ಬೇರೆಯೇ ತಂತ್ರಾಂಶದ ಪಾಲಿಗೆ ಬಂತು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದಾಗ, ಅದಕ್ಕೂ ಬಳುವಳಿಯಾಗಿ ಬಂದದ್ದು ಇದೇ ಏರ್ಪಾಡು. 1993ರಲ್ಲಿ ಬಂದ ಎಫ್‌ವಿಡಬ್ಲ್ಯೂಎಂನಂಥ ವಿಂಡೋ ಮ್ಯಾನೇಜರುಗಳಲ್ಲಿ ಬದಲಾಯಿಸಲಾಗದ್ದು ಏನೂ ಇರಲಿಲ್ಲ. ಚೌಕಟ್ಟಿನ ದಪ್ಪ, ಬಣ್ಣ, ಗುಂಡಿಗಳ ಸಂಖ್ಯೆ, ಇಲಿಯ ಯಾವ ಗುಂಡಿ ಒತ್ತಿದರೆ ಯಾವ ಮೆನು ಬರಬೇಕು ಎಂಬುದು, ಎಲ್ಲವೂ ಬಳಕೆದಾರನ ಕೈಯಲ್ಲಿ. ಆದರೆ ಅದಕ್ಕಾಗಿ ಒಂದು ಪಠ್ಯ ಕಡತವನ್ನು ತೆರೆದು ಸಾಲುಗಟ್ಟಲೆ ಆದೇಶಗಳನ್ನು ಬರೆಯಬೇಕಾಗಿತ್ತು. ಬರೆಯಬಲ್ಲವನು ಅರಸ, ಬರೆಯಲಾರದವನು ಆ ಅರಸನ ಕಡತವನ್ನು ನಕಲು ಮಾಡಿಕೊಂಡು ತೃಪ್ತನಾಗಬೇಕು. ಜೊತೆಗೆ ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಚಹರೆ. ಒಂದರ ಮೆನು ಹೊಳೆಯುವ ಬೂದುಬಣ್ಣದ್ದು, ಇನ್ನೊಂದರದು ಬರೀ ಕಪ್ಪುಬಿಳುಪಿನದು. ಒಂದರಲ್ಲಿ ಎಡಗುಂಡಿಯಿಂದ ನಡೆಯುವ ಕೆಲಸ ಮತ್ತೊಂದರಲ್ಲಿ ನಡುಗುಂಡಿಯಿಂದ.

ಇದರಿಂದ ಬೇಸತ್ತವರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮತ್ತಿಯಾಸ್ ಎಟ್ರಿಕ್ ಒಬ್ಬರು. 1996ರ ಅಕ್ಟೋಬರ್ 14ರಂದು ಅವರು ಒಂದು ಬಹಿರಂಗ ಕರೆ ಕೊಟ್ಟರು: ಸಾಮಾನ್ಯ ಬಳಕೆದಾರರಿಗಾಗಿ, ಎಲ್ಲ ತಂತ್ರಾಂಶಗಳೂ ಒಂದೇ ಮನೆಯವರಂತೆ ಕಾಣುವ ಒಂದು ಡೆಸ್ಕ್‌ಟಾಪನ್ನು ಕಟ್ಟೋಣ ಬನ್ನಿ. ಹೀಗೆ ಕೆಡಿಇ ಹುಟ್ಟಿತು. ಅದರ ಮೊದಲ ಪೂರ್ಣ ಆವೃತ್ತಿ 1998ರ ಜುಲೈನಲ್ಲಿ ಬಂತು. ಆದರೆ ಅದಕ್ಕೆ ಅಡಿಪಾಯವಾಗಿ ಅವರು ಬಳಸಿದ ‘ಕ್ಯೂಟಿ’ ಎಂಬ ಸಾಮಗ್ರಿ ನಾರ್ವೆಯ ಒಂದು ಕಂಪನಿಯದು, ಅದರ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಪರರ ಅಡಿಪಾಯದ ಮೇಲೆ ನಮ್ಮ ಮನೆಯೇ, ಎಂದು ಹಲವರು ಆಕ್ಷೇಪಿಸಿದರು. 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೊ ಮೆನಾ ಪೂರ್ತಿ ಮುಕ್ತವಾದ ಗ್ನೋಮ್ ಯೋಜನೆಯನ್ನು ಪ್ರಕಟಿಸಿದರು. ಗ್ನೋಮ್‌ನ ಮೊದಲ ಆವೃತ್ತಿ 1999ರ ಮಾರ್ಚ್‌ನಲ್ಲಿ ಬಂತು. 2000ದಲ್ಲಿ ಕ್ಯೂಟಿಯೂ ಮುಕ್ತ ಪರವಾನಗಿಗೆ ಬಂದು ಜಗಳದ ಮೂಲ ಕಾರಣ ಹೋಯಿತು. ಎರಡು ಮನೆಗಳು ಮಾತ್ರ ಉಳಿದವು. ಅಣ್ಣತಮ್ಮಂದಿರು ರಾಜಿಯಾದ ಮೇಲೂ ಒಲೆ ಬೇರೆಯಾಗಿಯೇ ಉಳಿಯುವುದನ್ನು ನಾವು ನೋಡಿಲ್ಲವೇ, ಹಾಗೆ.

ಗ್ನೋಮ್‌ನ ಮೊದಲ ವರ್ಷಗಳು ಸಮೃದ್ಧಿಯ ವರ್ಷಗಳು. ಎಲ್ಲಿ ನೋಡಿದರೂ ಆಯ್ಕೆಗಳು. ಪಟ್ಟಿಯಲ್ಲಿ ಕೂರಿಸಲು ‘ಆಪ್ಲೆಟ್’ ಎಂಬ ಕಿರುಸಾಧನಗಳು: ಹವಾಮಾನ ಹೇಳುವುದೊಂದು, ಗಣಕದ ಮೇಲಿನ ಹೊರೆ ತೋರಿಸುವುದೊಂದು. ವಾಂಡಾ ಎಂಬ ಹೆಸರಿನ ಒಂದು ಮೀನೂ ಇತ್ತು. ಅದು ಪಟ್ಟಿಯಲ್ಲಿ ಈಜುತ್ತಿರುತ್ತಿತ್ತು, ಮುಟ್ಟಿದರೆ ಯಾವುದಾದರೊಂದು ಸೂಕ್ತಿ ಹೇಳುತ್ತಿತ್ತು. ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದರೆ ಮನೆ ಎಂದ ಮೇಲೆ ಪ್ರಯೋಜನವಿಲ್ಲದ ವಸ್ತು ಒಂದಾದರೂ ಬೇಡವೇ?

2002ರ ಜೂನ್‌ನಲ್ಲಿ ಬಂದ ಗ್ನೋಮ್ 2ರ ಹೊತ್ತಿಗೆ ಗಾಳಿ ಬದಲಾಗಿತ್ತು. ಅದರ ಪ್ರಮುಖರಲ್ಲೊಬ್ಬರಾದ ಹ್ಯಾವಕ್ ಪೆನಿಂಗ್ಟನ್ ಆ ವರ್ಷ ಬರೆದ ಒಂದು ಲೇಖನದಲ್ಲಿ, ಪ್ರತಿ ಆಯ್ಕೆಗೂ ಒಂದು ಬೆಲೆಯಿದೆ ಎಂಬ ವಾದ ಮುಂದಿಟ್ಟರು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಹೌದು-ಇಲ್ಲ ಎಂಬ ಹತ್ತು ಆಯ್ಕೆಗಳನ್ನು ಕೊಟ್ಟರೆ, ಅವುಗಳಿಂದ 1024 ಬಗೆಯ ಗಣಕಗಳಾಗುತ್ತವೆ. ಅಷ್ಟನ್ನೂ ಪರೀಕ್ಷಿಸಿ ನೋಡುವವರು ಯಾರು? ಅಷ್ಟೇ ಅಲ್ಲ, ಯಾವುದು ಸರಿ ಎಂದು ತೀರ್ಮಾನಿಸಲಾಗದೆ ಬಳಕೆದಾರನ ತಲೆಗೆ ಕಟ್ಟುವ ಆಯ್ಕೆಗಳೂ ಇರುತ್ತವೆ. ಸಾರಿಗೆ ಉಪ್ಪು ಹಾಕದೆ, ಉಪ್ಪಿನ ಬಟ್ಟಲನ್ನು ಪಕ್ಕದಲ್ಲಿಟ್ಟು ಸ್ವಾತಂತ್ರ್ಯ ಕೊಟ್ಟೆ ಎನ್ನುವ ಅಡಿಗೆಯವರಂತೆ ಅದು. ಆದ್ದರಿಂದ ಆಯ್ಕೆಗಳನ್ನು ಕಡಿಮೆ ಮಾಡಿ, ಮೊದಲೇ ಚೆನ್ನಾಗಿರುವಂತೆ ಕಟ್ಟಿಕೊಡುವುದು ಗ್ನೋಮ್‌ನ ಧರ್ಮವಾಯಿತು. ಗೊಣಗಿದವರು ಗೊಣಗಿದರು, ಕೆಲವರು ಆಯ್ಕೆಗಳನ್ನು ಧಾರಾಳವಾಗಿ ಉಳಿಸಿಕೊಂಡ ಕೆಡಿಇಗೆ ಹೋದರು. ಆದರೂ ಆಪ್ಲೆಟ್‌ಗಳು ಉಳಿದವು, ವಾಂಡಾ ಕೂಡ ಉಳಿದಳು. ಒಂಬತ್ತು ವರ್ಷ ಸಂಸಾರ ಸುಸೂತ್ರವಾಗಿ ನಡೆಯಿತು.

2011ರ ಏಪ್ರಿಲ್ 6ರಂದು ಗ್ನೋಮ್ 3 ಬಂತು. ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿದ್ದರು. ಕೆಳಗಿದ್ದ ಕೆಲಸಗಳ ಪಟ್ಟಿ ಇರಲಿಲ್ಲ. ಆಪ್ಲೆಟ್‌ಗಳು ಇರಲಿಲ್ಲ. ತೆರೆಯ ಮೇಲೆ ಕಡತಗಳನ್ನು ಹರಡಿಕೊಳ್ಳುವಂತಿರಲಿಲ್ಲ. ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ, ಹಿಗ್ಗಿಸುವ ಗುಂಡಿಯೂ ಮಾಯವಾಗಿ, ಮುಚ್ಚುವ ಗುಂಡಿ ಒಂದೇ ಉಳಿದಿತ್ತು. ಗಣಕವನ್ನು ಆರಿಸುವ ಆದೇಶ ಮೆನುವಿನಲ್ಲಿ ಕಾಣಬೇಕಾದರೆ ಆಲ್ಟ್ ಕೀಲಿಯನ್ನು ಒತ್ತಿ ಹಿಡಿಯಬೇಕಾಗಿತ್ತು. ಹಾಗೆ ಒತ್ತಬೇಕೆಂದು ಯಾರಾದರೂ ಹೇಳಿಕೊಡದೆ ತಿಳಿಯುವಂತಿರಲಿಲ್ಲ. ವಿನ್ಯಾಸಕಾರರಿಗೆ ಇದಕ್ಕೆಲ್ಲ ಕಾರಣಗಳಿದ್ದವು. ಗಮನ ಚೆದುರಿಸುವ ವಸ್ತುಗಳನ್ನೆಲ್ಲ ತೆಗೆದು, ಎದುರಿಗಿರುವ ಕೆಲಸದ ಮೇಲೆ ಮನಸ್ಸು ನಿಲ್ಲುವಂತೆ ಮಾಡುವುದು ಅವರ ಆಶಯ. ಆಶಯ ಒಳ್ಳೆಯದೇ. ಆದರೆ ಒಂಬತ್ತು ವರ್ಷದಿಂದ ಕತ್ತಲಲ್ಲೂ ಕೈ ಹಾಕಿ ಬೆಂಕಿಪೊಟ್ಟಣ ತೆಗೆಯಬಲ್ಲವರಿಗೆ, ಗೂಡು ಇದ್ದ ಜಾಗದಲ್ಲಿ ಬರೀ ಗೋಡೆ ಸಿಕ್ಕಿತು.

ಆಗ ನಡೆದದ್ದು ಮುಕ್ತ ತಂತ್ರಾಂಶದ ಲೋಕದಲ್ಲಿ ಮಾತ್ರ ನಡೆಯಬಹುದಾದ ಸಂಗತಿ. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯ ಗ್ನೋಮ್ 2ರ ಆಕರವನ್ನೇ ತೆಗೆದುಕೊಂಡು, ಅದಕ್ಕೆ ತನ್ನ ದೇಶದ ಪಾನೀಯವಾದ ‘ಮಾಟೆ’ಯ ಹೆಸರಿಟ್ಟು, ಬೇರೆ ಯೋಜನೆಯಾಗಿ ಮುಂದುವರಿಸಿದ. ಅದು ಇಂದಿಗೂ ಬದುಕಿದೆ. ಲಿನಕ್ಸ್ ಮಿಂಟ್‌ನವರು ಇನ್ನೊಂದು ದಾರಿ ಹಿಡಿದರು. ಅವರು 2011ರ ನವೆಂಬರ್‌ನಲ್ಲಿ ಹೊರತಂದ ಆವೃತ್ತಿಯಲ್ಲಿ ಗ್ನೋಮ್ 3ನ್ನೇ ಇಟ್ಟುಕೊಂಡು, ಅದರ ಮೇಲೆ ಕೆಲವು ಎಕ್ಸ್‌ಟೆನ್ಷನ್‌ಗಳನ್ನು ಹಾಕಿ, ಕೆಳಗಿನ ಪಟ್ಟಿಯನ್ನೂ ಮೆನುವನ್ನೂ ಮರಳಿ ತಂದರು. ಅಷ್ಟು ಸಾಲದೆಂದು ತೋರಿದಾಗ ಬೇರೆಯಾಗಿ ಸಿನಮನ್ ಎಂಬ ಡೆಸ್ಕ್‌ಟಾಪನ್ನೇ ಕಟ್ಟಿದರು. ಸ್ವತಃ ಟೋರ್ವಾಲ್ಡ್ಸ್ 2011ರಲ್ಲಿ ಗ್ನೋಮ್ 3ನ್ನು ಕಟುವಾಗಿ ಟೀಕಿಸಿ ಎಕ್ಸ್‌ಎಫ್‌ಸಿಇ ಎಂಬ ಸರಳ ಡೆಸ್ಕ್‌ಟಾಪಿಗೆ ಹೊರಟುಹೋದರು. 2013ರ ಹೊತ್ತಿಗೆ ಅವರು ಗ್ನೋಮ್‌ಗೆ ಮರಳಿದ್ದರು. ಮರಳುವಾಗ ಎಕ್ಸ್‌ಟೆನ್ಷನ್‌ಗಳ ನೆರವು ಪಡೆದಿದ್ದರು.

ಈ ಎಕ್ಸ್‌ಟೆನ್ಷನ್ ಎಂಬುದು ಏನು? ಗ್ನೋಮ್ 3ರ ಕಣ್ಣಿಗೆ ಕಾಣುವ ಭಾಗಕ್ಕೆ ಶೆಲ್ ಎಂದು ಹೆಸರು. ಅದನ್ನು ಬಹುಮಟ್ಟಿಗೆ ಜಾವಾಸ್ಕ್ರಿಪ್ಟ್ ಎಂಬ ಸುಲಭವಾದ ಭಾಷೆಯಲ್ಲಿ ಬರೆದಿದ್ದಾರೆ. ಎಕ್ಸ್‌ಟೆನ್ಷನ್ ಎಂದರೆ ಅದೇ ಭಾಷೆಯಲ್ಲಿ ಬರೆದ, ಒಂದು ಗೊತ್ತಾದ ಕಡತಕೋಶದಲ್ಲಿ ಇಟ್ಟರೆ ಶೆಲ್ ತಾನಾಗಿ ಓದಿಕೊಳ್ಳುವ ತುಣುಕು. ಅದಕ್ಕೆ ಪ್ರತ್ಯೇಕ ಕೋಣೆಯಿಲ್ಲ. ಶೆಲ್‌ನ ಒಳಗೇ, ಶೆಲ್‌ನ ಅಂಗವಾಗಿಯೇ ಅದು ಓಡುತ್ತದೆ. ಹಾಗಾಗಿ ಶೆಲ್ ಮಾಡುವ ಯಾವ ಕೆಲಸವನ್ನಾದರೂ ಅದು ತಡೆದು ತನ್ನ ರೀತಿಯಲ್ಲಿ ಮಾಡಿಸಬಲ್ಲದು. 2011ರ ಕೊನೆಯಲ್ಲಿ ಇವನ್ನೆಲ್ಲ ಒಂದೆಡೆ ಸೇರಿಸಿ ಹಂಚುವ ಕಟ್ಟೆಯೊಂದನ್ನು ಗ್ನೋಮ್‌ನವರೇ ತೆರೆದರು. ಬಂದ ತುಣುಕುಗಳನ್ನು ಸ್ವಯಂಸೇವಕರು ಓದಿ ನೋಡಿದ ಮೇಲೆಯೇ ಅಲ್ಲಿ ಇಡುವ ಪದ್ಧತಿ ಬಂತು. ವಿನ್ಯಾಸಕಾರರಲ್ಲಿ ಕೆಲವರಿಗೆ ಇದರಿಂದ ಅಳುಕಿತ್ತು. ಪ್ರತಿಯೊಬ್ಬನೂ ತನ್ನ ಗ್ನೋಮನ್ನು ತನಗೆ ಬೇಕಾದಂತೆ ಮಾಡಿಕೊಂಡರೆ ಗ್ನೋಮ್ ಎಂಬುದಕ್ಕೆ ಗುರುತೇನು ಉಳಿಯಿತು ಎಂಬುದು ಅವರ ಚಿಂತೆ. ಆದರೂ ಬಾಗಿಲನ್ನು ಮುಚ್ಚಲಿಲ್ಲ.

ಮೊದಮೊದಲು ಬಂದವುಗಳಲ್ಲಿ ಒಂದು, ಗಣಕ ಆರಿಸುವ ಆದೇಶವನ್ನು ಆಲ್ಟ್ ಒತ್ತದೆಯೇ ಮೆನುವಿನಲ್ಲಿ ತೋರಿಸುವ ತುಣುಕು. ಎಷ್ಟು ಸಣ್ಣ ಕೆಲಸ! ಆದರೆ ಅದನ್ನು ಹಾಕಿಕೊಂಡವರ ಸಂಖ್ಯೆ ತಾನಾಗಿ ಒಂದು ಮಾತು ಹೇಳುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಆದೇಶ ಯಾವ ಸೇರ್ಪಡೆಯೂ ಇಲ್ಲದೆ ಕಾಣುವಂತಾಯಿತು. ಮನವಿ, ಜಗಳ, ಟೀಕೆ ಇವುಗಳ ಜೊತೆಗೆ ಮೊಳೆಯೂ ಒಂದು ಬಗೆಯ ಅರ್ಜಿಯಾಗಿ ಕೆಲಸ ಮಾಡಿತು ಎನ್ನಬೇಕು. ಇಂಥ ಉದಾಹರಣೆಗಳು ಮತ್ತೂ ಇವೆ. 2013ರ ಮಾರ್ಚ್‌ನಲ್ಲಿ ಗ್ನೋಮ್‌ನವರು ಹಳೆಯ ಚಹರೆಯನ್ನು ನೆನಪಿಸುವ ‘ಕ್ಲಾಸಿಕ್’ ರೂಪವನ್ನು ಕೊಟ್ಟರು. ಅದು ಪೂರ್ತಿಯಾಗಿ ಎಕ್ಸ್‌ಟೆನ್ಷನ್‌ಗಳಿಂದಲೇ ಹೆಣೆದದ್ದು. 2014ರಲ್ಲಿ ರೆಡ್ ಹ್ಯಾಟ್ ಕಂಪನಿಯ ಉದ್ಯಮ ಆವೃತ್ತಿ 7ರಲ್ಲಿ ಅದೇ ಮೊದಲು ಕಾಣುವ ಮುಖವಾಯಿತು. ಉಬುಂಟುವಿನವರು 2011ರಿಂದ ಯೂನಿಟಿ ಎಂಬ ತಮ್ಮದೇ ಡೆಸ್ಕ್‌ಟಾಪ್ ನಡೆಸುತ್ತಿದ್ದರು. 2017ರಲ್ಲಿ ಅದನ್ನು ಕೈಬಿಟ್ಟು ಗ್ನೋಮ್‌ಗೆ ಬಂದಾಗ, ಎಡಗಡೆಯ ಅಂಚಿನಲ್ಲಿ ತಮ್ಮ ಬಳಕೆದಾರರಿಗೆ ರೂಢಿಯಾಗಿದ್ದ ಪಟ್ಟಿಗಾಗಿ ‘ಡ್ಯಾಶ್ ಟು ಡಾಕ್’ ಎಂಬ ಎಕ್ಸ್‌ಟೆನ್ಷನ್ನಿನ ಒಂದು ಕವಲನ್ನು ತಮ್ಮದಾಗಿ ಮಾಡಿಕೊಂಡರು. ಬಿಡುವಿನ ಹೊತ್ತಿನಲ್ಲಿ ಬರೆದ ತುಣುಕು ಹೀಗೆ ಲಕ್ಷಾಂತರ ಜನರ ಮನೆಯ ಗೋಡೆಯೇ ಆಗಿಬಿಟ್ಟಿತು.

ಈ ಸೇರ್ಪಡೆಗಳ ಉಪಯೋಗವನ್ನು ನನಗೆ ಚೆನ್ನಾಗಿ ತಿಳಿಸಿದವರು ನಮ್ಮ ದೊಡ್ಡಪ್ಪ. ನಿವೃತ್ತಿಯಾದ ಮೇಲೆ ಅವರು ಮನೆತನದ ವಂಶಾವಳಿಯನ್ನು ಬರೆಯತೊಡಗಿದರು. ಹಳೆಯ ಗಣಕ ಸವೆದುಹೋದಾಗ ನಾನು ಲಿನಕ್ಸ್ ಹಾಕಿದ ಒಂದನ್ನು ಕೊಟ್ಟೆ. ಕೊಡುವ ಮೊದಲೇ ಮೂರು ಸೇರ್ಪಡೆಗಳನ್ನು ಹಾಕಿದ್ದೆ. ಡ್ಯಾಶ್ ಟು ಪ್ಯಾನೆಲ್: ತೆರೆದ ಕೆಲಸಗಳ ಪಟ್ಟಿಯನ್ನು ತೆರೆಯ ಕೆಳಗೆ ತಂದು ನಿಲ್ಲಿಸುವುದು ಇದರ ಕೆಲಸ. ಕ್ಲಿಪ್‌ಬೋರ್ಡ್ ಇಂಡಿಕೇಟರ್: ನಕಲಿಸಿದ ಹಿಂದಿನ ಸಾಲುಗಳನ್ನೆಲ್ಲ ನೆನಪಿಟ್ಟುಕೊಂಡು ಕೇಳಿದಾಗ ಕೊಡುತ್ತದೆ, ಅದೇ ಊರು, ಅದೇ ಗೋತ್ರ, ಅದೇ ಹೆಸರುಗಳನ್ನು ಮತ್ತೆ ಮತ್ತೆ ಬರೆಯುವವರಿಗೆ ವರ. ಕೆಫೀನ್: ಓದುತ್ತ ಕುಳಿತಾಗ ತೆರೆ ತಾನಾಗಿ ಕಪ್ಪಾಗದಂತೆ ಎಚ್ಚರವಾಗಿಡುವುದು. ಹಳೆಯ ಪತ್ರವೊಂದರ ಚಿತ್ರವನ್ನು ತೆರೆಯ ಮೇಲಿಟ್ಟುಕೊಂಡು ಕಾಲು ಗಂಟೆ ಕಣ್ಣು ಕಿರಿದು ಮಾಡಿ ನೋಡುವವರಿಗೆ ಇದು ಬೇಕು.

ದೊಡ್ಡಪ್ಪ ಅರ್ಧ ಗಂಟೆ ಅದರ ಮುಂದೆ ಕೂತು, ಕೆಳಗಿನ ಪಟ್ಟಿಯಲ್ಲಿ ಎರಡು ಕಡತಗಳ ನಡುವೆ ಹೋಗಿ ಬಂದು, ಕನ್ನಡಕ ತೆಗೆದು, “ಇದರಲ್ಲಿ ಹೊಸದೇನಿದೆಯೋ? ನಮ್ಮ ಹಳೇದೇ ಅಲ್ವೇನೋ ಇದು?” ಎಂದರು. “ಹೂಂ ದೊಡ್ಡಪ್ಪ, ಅದೇ,” ಎಂದೆ. ಆ ತುಣುಕುಗಳನ್ನು ಬರೆದವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಾರದು ಎಂದು ನನಗೆ ಅನಿಸಿತು. ಎಪ್ಪತ್ತು ದಾಟಿದ ಮನುಷ್ಯನಿಗೆ ಉಳಿದಿರುವ ಹೊತ್ತನ್ನು ಹೊಸ ಗುಂಡಿ ಹುಡುಕುವುದಕ್ಕೆ ಖರ್ಚು ಮಾಡಿಸದೆ ವಂಶಾವಳಿಗೇ ಬಿಟ್ಟುಕೊಟ್ಟವು ಅವು.

ಇಲ್ಲಿ ಕನ್ನಡದ ಮಾತೂ ಬರುತ್ತದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಅಕ್ಷರಗಳ ಕೋಷ್ಟಕದಲ್ಲಿ ಇರುವುದು ಬೇರೆ, ಬೆರಳಿಗೆ ಸಿಗುವುದು ಬೇರೆ. ಬಹಳ ಕಾಲ ಲಿನಕ್ಸ್‌ನಲ್ಲಿ ಕನ್ನಡ ಬರೆಯಬೇಕಾದರೆ ಅದಕ್ಕೊಂದು ಬೇರೆ ತಂತ್ರಾಂಶವನ್ನು ತಂದು, ಜೋಡಿಸಿ, ಡೆಸ್ಕ್‌ಟಾಪಿಗೆ ಪರಿಚಯಿಸಬೇಕಾಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 3.6ರಲ್ಲಿ ‘ಐಬಸ್’ ಎಂಬ ಲಿಪಿ ಮೂಡಿಸುವ ವ್ಯವಸ್ಥೆ ಶೆಲ್‌ನ ಒಳಗೇ ಸೇರಿತು. ಈಗ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಬಹುದು. ನಡುಮನೆಯವರಿಗೆ ಬೇಕಿಲ್ಲದ್ದು, ಮೂಲೆಯ ಕೋಣೆಯವರಿಗೆ ಬೇಕೇಬೇಕಾದದ್ದು, ಹೊರಗಿನ ಜೋಡಣೆಯಾಗಿ ಬಂದು ಮನೆಯೊಳಗೇ ನೆಲೆಸಿದ್ದಕ್ಕೆ ಇದೊಂದು ನಿದರ್ಶನ. ಒಬ್ಬನೇ ವಿನ್ಯಾಸಕಾರ, ಎಷ್ಟೇ ಜಾಣನಿರಲಿ, ಎಲ್ಲ ಭಾಷೆಗಳ ಎಲ್ಲ ವಯಸ್ಸಿನವರ ಅಗತ್ಯವನ್ನು ಮೊದಲೇ ಊಹಿಸಲಾರ.

ಇನ್ನು ಬೆಲೆಯ ವಿಚಾರ. ಎಕ್ಸ್‌ಟೆನ್ಷನ್ ಶೆಲ್‌ನ ಒಳಗೇ ಓಡುತ್ತದೆ ಎಂದೆನಲ್ಲ, ಅದರ ಶಕ್ತಿಯೂ ಅದೇ, ದೌರ್ಬಲ್ಯವೂ ಅದೇ. ಶೆಲ್‌ನ ಒಳಮನೆ ಬದಲಾದರೆ ಎಕ್ಸ್‌ಟೆನ್ಷನ್ ಹಿಡಿದುಕೊಂಡಿದ್ದ ಕಂಬ ಅಲ್ಲಿರುವುದಿಲ್ಲ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಪ್ರತಿ ಸಲವೂ ಪ್ರತಿ ತುಣುಕನ್ನು ಯಾರಾದರೂ ಪರೀಕ್ಷಿಸಿ, ಈ ಆವೃತ್ತಿಗೂ ಹೊಂದುತ್ತದೆ ಎಂದು ನಮೂದಿಸಬೇಕು. 2021ರ ಮಾರ್ಚ್‌ನಲ್ಲಿ 3.38ರಿಂದ ಒಮ್ಮೆಲೆ 40 ಎಂಬ ಸಂಖ್ಯೆಗೆ ಹಾರಿದಾಗ ಒಳವಿನ್ಯಾಸವೂ ಬದಲಾಗಿ ಅನೇಕ ತುಣುಕುಗಳನ್ನು ತಿದ್ದಬೇಕಾಯಿತು. 2023ರ ಸೆಪ್ಟೆಂಬರ್‌ನ 45ನೆಯ ಆವೃತ್ತಿಯಲ್ಲಿ ತುಣುಕುಗಳನ್ನು ಓದಿಕೊಳ್ಳುವ ಕ್ರಮವೇ ಬದಲಾಯಿತು. ತಿದ್ದದ ಒಂದು ಎಕ್ಸ್‌ಟೆನ್ಷನ್ನೂ ಅದರಲ್ಲಿ ನಡೆಯುವಂತಿರಲಿಲ್ಲ. ಹಿಂದೆ ಎಕ್ಸ್ ವ್ಯವಸ್ಥೆಯಲ್ಲಿ ಶೆಲ್ ಕುಸಿದರೆ ತೆರೆದ ಕೆಲಸ ಉಳಿದು, ಶೆಲ್ ಮತ್ತೆ ಎದ್ದು ನಿಲ್ಲುತ್ತಿತ್ತು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ವ್ಯವಸ್ಥೆಯಲ್ಲಿ, ಕೆಟ್ಟ ತುಣುಕೊಂದು ಗ್ನೋಮ್ ಶೆಲ್ಲನ್ನು ಬೀಳಿಸಿದರೆ ತೆರೆದ ಕೆಲಸವೂ ಅದರೊಂದಿಗೆ ಹೋಗುತ್ತದೆ. ಗೋಡೆಯೊಳಗೆ ಕರೆಂಟಿನ ತಂತಿ ಇದೆ ಎಂದ ಮಾಲೀಕರ ಮಾತು ಸುಳ್ಳಲ್ಲ.

ಆಯ್ಕೆಗಳನ್ನು ಧಾರಾಳವಾಗಿ ಕೊಡುವ ಕೆಡಿಇ ಮನೆಯವರಿಗೂ ಈ ಕಷ್ಟ ತಪ್ಪಿಲ್ಲ. 2024ರ ಫೆಬ್ರವರಿಯಲ್ಲಿ ಅದರ ಆರನೆಯ ಪ್ಲಾಸ್ಮಾ ಬಂದಾಗ ಹೊರಗಿನವರು ಬರೆದ ವಿಜೆಟ್‌ಗಳನ್ನು ಹೊಸದಕ್ಕೆ ಹೊಂದಿಸಬೇಕಾಯಿತು. ಅಮೆರಿಕದ ಸಿಸ್ಟಂ76 ಎಂಬ ಕಂಪನಿ 2021ರಲ್ಲಿ ಎಕ್ಸ್‌ಟೆನ್ಷನ್‌ಗಳ ಮೂಲಕ ಗ್ನೋಮ್‌ಗೆ ‘ಕಾಸ್ಮಿಕ್’ ಎಂಬ ತನ್ನ ಚಹರೆ ಕೊಟ್ಟಿತು. ಕೊನೆಗೆ ಮೊಳೆಗಳ ಸಹವಾಸವೇ ಸಾಕೆಂದು ಅದೇ ಹೆಸರಿನಲ್ಲಿ ಪೂರ್ತಿ ಹೊಸ ಡೆಸ್ಕ್‌ಟಾಪನ್ನೇ ಕಟ್ಟಲು ಹೊರಟು, 2024ರಲ್ಲಿ ಅದರ ಮೊದಲ ಪರೀಕ್ಷಾರೂಪವನ್ನು ಹೊರತಂದಿತು. ಹಾಗೆ ಕಟ್ಟುವ ತಾಕತ್ತು ಒಂದು ಕಂಪನಿಗಿರುತ್ತದೆ. ಮಿಕ್ಕ ತುಣುಕುಗಳಲ್ಲಿ ಹೆಚ್ಚಿನವು ಯಾರೋ ಒಬ್ಬರು ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಕುಳಿತು ತಿದ್ದುವಂಥವು. ಅವರಿಗೆ ಕೆಲಸ ಬದಲಾದರೆ, ಮಗು ಹುಟ್ಟಿದರೆ, ಬೇಸರ ಬಂದರೆ, ತುಣುಕು ಅಲ್ಲಿಗೆ ನಿಲ್ಲುತ್ತದೆ. ಆಕರ ಎಲ್ಲರಿಗೂ ಸಿಗುವುದರಿಂದ ಇನ್ನೊಬ್ಬರು ಎತ್ತಿಕೊಳ್ಳಬಹುದು, ಎಷ್ಟೋ ಸಲ ಎತ್ತಿಕೊಂಡಿದ್ದಾರೆ. ಎತ್ತಿಕೊಳ್ಳಲೇಬೇಕೆಂಬ ಕಾನೂನು ಮಾತ್ರ ಎಲ್ಲೂ ಇಲ್ಲ.

ಹೋಲಿಕೆಗಾಗಿ ಪಕ್ಕದ ಬೀದಿಯನ್ನು ನೋಡಬಹುದು. 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಗುಂಡಿ ಹೋಗಿತ್ತು. ಒಂದು ವರ್ಷದ ಮೇಲೆ 8.1ರಲ್ಲಿ ಗುಂಡಿ ಬಂತು; ಮೆನು ಮರಳಿದ್ದು 2015ರ ವಿಂಡೋಸ್ 10ರಲ್ಲಿ. ಅಲ್ಲಿಯೂ ಹೊರಗಿನವರು ಬರೆದ ಸೇರ್ಪಡೆಗಳು ನೆರವಾದವು. ಆದರೆ ಹಳೆಯ ಮನೆಯನ್ನೇ ಎತ್ತಿಕೊಂಡು ಹೋಗಿ ಬೇರೆ ಹೆಸರಿನಲ್ಲಿ ಬಾಳಿಸುವ ದಾರಿ ಅಲ್ಲಿ ಯಾರಿಗೂ ಇರಲಿಲ್ಲ. ಮಾಟೆಯವರಿಗೆ ಆ ದಾರಿ ಇತ್ತು. ಮನೆ ಬಿಟ್ಟು ಹೋಗುವ ದಾರಿ ನಿಜವಾಗಿ ತೆರೆದಿದ್ದಾಗ, ಉಳಿದುಕೊಂಡವರ ಮಾತಿಗೂ ತೂಕ ಬರುತ್ತದೆ. ಗ್ನೋಮ್‌ನವರು ಎಕ್ಸ್‌ಟೆನ್ಷನ್ನಿನ ಬಾಗಿಲನ್ನು ಅಳುಕುತ್ತಲೇ ತೆರೆದಿಟ್ಟದ್ದರಲ್ಲಿ ಇದರ ಪಾಲೂ ಇದ್ದೀತು ಎಂದು ನನ್ನ ಎಣಿಕೆ.

ಹೀಗೆ ನೋಡಿದಾಗ, ಈ ಜಗಳದಲ್ಲಿ ಯಾರೂ ಪೂರ್ತಿ ಗೆಲ್ಲದೆ ಇದ್ದದ್ದೇ ಒಳ್ಳೆಯದಾಯಿತು. ಕಟ್ಟುವವರು ತಮ್ಮ ವಿನ್ಯಾಸವನ್ನು ಬಿಟ್ಟುಕೊಡಲಿಲ್ಲ. ಇರುವವರು ತಮ್ಮ ರೂಢಿಯನ್ನು ಬಿಟ್ಟುಕೊಡಲಿಲ್ಲ. ನಡುವೆ ನಿಂತು ಎರಡನ್ನೂ ಹೊಂದಿಸಿದವರು ತುಣುಕು ಬರೆದವರು. ಈ ಹಕ್ಕು ಪರವಾನಗಿಯ ಕಾಗದದಲ್ಲಿ ಇದೆ, ನಿಜ. ಆದರೆ ಆರು ತಿಂಗಳಿಗೊಮ್ಮೆ ಅದನ್ನು ಉಳಿಸುತ್ತಿರುವುದು ಅವರ ಬಿಡುವಿನ ಹೊತ್ತು.

ಆದ್ದರಿಂದ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇಷ್ಟೇ. ನಾಲ್ಕೈದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ನಿಮ್ಮ ದಿನದ ಕೆಲಸದಲ್ಲಿ ಒಂದು ಕಾರಣವಿರಲಿ. ಹೊಸ ಆವೃತ್ತಿ ಬಂದ ದಿನವೇ ಅದಕ್ಕೆ ಹಾರಬೇಡಿ. ತುಣುಕು ಬರೆದವರಿಗೂ ತಿದ್ದಲು ಕೆಲವು ವಾರ ಬೇಕು. ಕೆಲಸ ಮಾಡದಿದ್ದರೆ ಬೈದು ಬರೆಯುವ ಮೊದಲು, ಕೆಲಸ ಮಾಡುತ್ತಿದ್ದ ದಿನಗಳಿಗಾಗಿ ಒಂದು ಸಾಲು ಬರೆಯಿರಿ. ಕೈಲಾದರೆ ಒಂದಿಷ್ಟು ಹಣ ಕಳಿಸಿ, ಬರುತ್ತಿದ್ದರೆ ಒಂದು ತಪ್ಪು ತಿದ್ದಿ ಕಳಿಸಿ. ನಮ್ಮ ದೊಡ್ಡಪ್ಪನ ವಂಶಾವಳಿ ಈಗ ಏಳನೆಯ ತಲೆಮಾರಿಗೆ ಬಂದಿದೆ. ಅದರ ಮೊದಲ ಪುಟದಲ್ಲಿ ನೆರವಾದವರ ಹೆಸರುಗಳಿಗಾಗಿ ಅವರು ಜಾಗ ಬಿಟ್ಟಿದ್ದಾರೆ. ಕೆಳಗಿನ ಪಟ್ಟಿಯನ್ನು ತಂದುಕೊಟ್ಟವರ ಹೆಸರೂ ಅಲ್ಲಿರಲಿ ಎಂದು ಹೇಳಬೇಕೆಂದಿದ್ದೇನೆ.